ಐವತ್ತಕ್ಕೆ ಒಂದು ಪಾಲು

ಹೆಂಡತಿ ಮಗಳ ಹೆರಿಗೆಗೆಂದು ಹೋದ ನಾಲ್ಕನೆಯ ದಿನಕ್ಕೇ ಕಂಪೌಂಡರಿಗೆ ಒಂದು ಸತ್ಯ ಹೊಳೆಯಿತು. ಮನೆಯಲ್ಲಿ ಬೈಯುವವರಿಲ್ಲದಿದ್ದರೆ ಗೋಡೆ ಗಡಿಯಾರವೂ ಬಾಯಿ ಜೋರು ಮಾಡುತ್ತದೆ. ಮೂವತ್ತೆಂಟು ವರ್ಷ ಆಸ್ಪತ್ರೆಯ ಔಷಧಿ ಕಿಟಕಿಯ ಹಿಂದೆ ನಿಂತು ಜನರ ಕೆಮ್ಮಿಗೆಲ್ಲ ಮದ್ದು ಬೆರೆಸಿಕೊಟ್ಟ ಈ ಮಹಾನುಭಾವರನ್ನು ನಿವೃತ್ತಿಯಾದ ಮೇಲೂ ಎಲ್ಲರೂ ಕಂಪೌಂಡರೆಂದೇ ಕರೆಯುತ್ತಿದ್ದರು. ಈಗ ಅವರಿಗೇ ಬಂದ ಕಾಯಿಲೆಗೆ ಮಾತ್ರ ಯಾವ ಬಾಟಲಿಯಲ್ಲೂ ಮದ್ದಿರಲಿಲ್ಲ. ಬೆಳಗ್ಗೆ ಎದ್ದವರೇ ಅಭ್ಯಾಸಬಲದಿಂದ ಎರಡು ಲೋಟ ಟೀ ಮಾಡುವರು. ಒಂದನ್ನು ಕುಡಿದು ಇನ್ನೊಂದರ ಮುಖ ನೋಡುತ್ತ ಕೂರುವರು. ಆರಿದ ಮೇಲೆ ಅದನ್ನೂ ಕುಡಿಯುವರು (ಚೆಲ್ಲುವ ಜಾಯಮಾನವಲ್ಲ).

ಹೊರಡುವಾಗ ಆಕೆ ಕಾರಿನ ಕಿಟಕಿಯಿಂದ ತಲೆ ಹೊರಹಾಕಿ ಹೇಳಿದ್ದು ಒಂದೇ ಮಾತು.

"ರೀ, ಒಂದು ತಿಂಗಳಿಗೆ ಬಂದುಬಿಡ್ತೀನಿ. ಅಷ್ಟರಲ್ಲಿ ಆ ಒಣಮರಕ್ಕೊಂದು ಗತಿ ಕಾಣಿಸಿ."

ಹಿತ್ತಲಿನ ಆ ಮರ ಒಣಗಿ ಆರು ವರ್ಷವಾಗಿತ್ತು. ಯಾವ ಜಾತಿಯದೆಂಬುದು ಮರಕ್ಕೇ ಮರೆತುಹೋಗಿತ್ತು. ಸತ್ತ ಮೇಲೂ ಸುಮ್ಮನಿರದೆ ಮೈತುಂಬ ಕಾಡುಬಳ್ಳಿ ಹಬ್ಬಿಸಿಕೊಂಡು ಅಡುಗೆಮನೆಯ ಕಿಟಕಿಗೆ ಅಡ್ಡ ನಿಂತಿತ್ತು. ಅದರಾಚೆಗೆ ಒಂದು ಕಲ್ಲುಬೆಂಚು. ಕಂಪೌಂಡರು ದಿನಾ ಪೇಪರ್ ಹಿಡಿದು ಎರಡು ಗಂಟೆ ತಪಸ್ಸು ಮಾಡುತ್ತಿದ್ದುದು ಅಲ್ಲೇ. ಅಡುಗೆಮನೆಗೆ ಬೆಳಕು ಸಾಲದೆಂದು ಹೆಂಡತಿಯ ತಕರಾರು, ಹೀಗಂತ ಅವರೇ ಅರ್ಥ ಮಾಡಿಕೊಂಡಿದ್ದರು. ಕೇಳಲು ಹೋಗಿರಲಿಲ್ಲ.

ಮರ ಕಡಿಯುವವನನ್ನು ಕರೆದಿದ್ದರೆ ಅರ್ಧ ದಿನದ ಕೆಲಸ. ಆದರೆ ಎರಡನೇ ಲೋಟದ ಟೀ ಕುಡಿಯುತ್ತಿದ್ದಾಗ ಅವರಿಗೊಂದು ದಿವ್ಯ ಆಲೋಚನೆ ಬಂತು. ಇಷ್ಟು ವರ್ಷದ ಸಂಸಾರದಲ್ಲಿ ಹೆಂಡತಿ ತನ್ನನ್ನು ನೋಡಿದ್ದು ಮಾತ್ರೆ ಎಣಿಸುವವನಾಗಿ, ಸೀಸೆಗೆ ಚೀಟಿ ಅಂಟಿಸುವವನಾಗಿ. ಒಮ್ಮೆ, ಒಂದೇ ಒಂದು ಸಲ, ಆಕೆ ಬಾಗಿಲಲ್ಲಿ ನಿಂತು ಬಾಯಿಯ ಮೇಲೆ ಕೈಯಿಟ್ಟುಕೊಂಡು "ಅಬ್ಬಾ!" ಎನ್ನಬೇಕು. ಮರವನ್ನು ತಾವೇ ಉರುಳಿಸಬೇಕು, ಅದೂ ಆಕೆಯ ಕಣ್ಣೆದುರೇ. ಈ ಆಸೆ ಹುಟ್ಟಿದ್ದೇ ತಡ, ಚಪ್ಪಲಿ ಮೆಟ್ಟಿಕೊಂಡು ಯಂತ್ರದಂಗಡಿಗೆ ನಡೆದರು.

ಅಂಗಡಿಯವರು ಒಳ್ಳೆಯ ಮನುಷ್ಯ. ಮೂರು ಚೈನ್ ಗರಗಸಗಳನ್ನು ಮೇಜಿನ ಮೇಲೆ ಸಾಲಾಗಿ ಮಲಗಿಸಿದರು.

"ಯಜಮಾನ್ರೇ, ವರ್ಷಕ್ಕೆ ಎಷ್ಟು ಸಲ ಬಳಸ್ತೀರಿ?"

ಒಂದೇ ಸಲ, ಅದೂ ಜೀವಮಾನದಲ್ಲಿ ಎನ್ನಲು ಕಂಪೌಂಡರಿಗೆ ನಾಲಗೆ ಏಳಲಿಲ್ಲ. "ಆಗಾಗ" ಎಂದರು.

"ಹಾಗಾದ್ರೆ ಈ ಬ್ಯಾಟರಿದು ತಗೊಳ್ಳಿ. ಗುಂಡಿ ಒತ್ತಿದ್ರೆ ಆಯ್ತು. ಇದು ವೈರಿಂದು, ಹಿತ್ತಲವರೆಗೂ ವೈರ್ ಎಳೀಬೇಕು. ಇದು ಪೆಟ್ರೋಲಿಂದು. ಅದಕ್ಕೆ ಎಣ್ಣೆ ಬೆರೆಸ್ಬೇಕು, ಹಗ್ಗ ಎಳೀಬೇಕು, ನೂರೆಂಟು ರಗಳೆ. ಮನೆ ಮಟ್ಟಿಗೆ ಬ್ಯಾಟರಿದೇ ಸರಿ. ಶಬ್ದಾನೂ ಕಮ್ಮಿ."

"ಕಮ್ಮೀನಾ?" ಕಂಪೌಂಡರ ಮುಖ ಸಪ್ಪಗಾಯಿತು. "ಒಳಗೆ ಕೆಲಸದಲ್ಲಿರೋರಿಗೆ ಕೇಳ್ಸೋಲ್ವಾ?"

"ಪಕ್ಕದಲ್ಲಿ ಮಲಗಿರೋರಿಗೂ ಎಚ್ಚರ ಆಗೋಲ್ಲ."

"ಪೆಟ್ರೋಲಿಂದೇ ಕೊಡಿ" ಎಂದುಬಿಟ್ಟರು. ಎಣ್ಣೆ ಬೆರೆಸಬೇಕು ಎಂಬ ಮಾತು ಕಿವಿಗೆ ಬಿದ್ದಾಗಲೇ ಅವರ ಮನಸ್ಸು ಅದಕ್ಕೆ ಒಲಿದಾಗಿತ್ತು.

"ಐವತ್ತು ಪಾಲು ಪೆಟ್ರೋಲಿಗೆ ಒಂದು ಪಾಲು ಎಣ್ಣೆ. ಚೈನಿಗೆ ಹಾಕೋ ಎಣ್ಣೆ ಬೇರೆ, ಅದರ ತೊಟ್ಟಿ ಬೇರೆ. ಬೆರೆಸಿದ್ದನ್ನ ಒಂದು ತಿಂಗಳಲ್ಲಿ ಮುಗಿಸಿಬಿಡಿ, ಆಮೇಲೆ ಕೆಟ್ಟುಹೋಗುತ್ತೆ" ಎಂದರು ಅಂಗಡಿಯವರು.

ಬೆರೆಸುವುದನ್ನು ಕಂಪೌಂಡರಿಗೆ ಹೇಳಿಕೊಡಬೇಕೆ! ಹಿತ್ತಲಲ್ಲಿ ಮೇಜು ಹಾಕಿ, ಹಳೆಯ ಅಳತೆಯ ಗಾಜನ್ನು ಕಣ್ಣಿನ ಮಟ್ಟಕ್ಕೆ ಹಿಡಿದು, ಒಂದು ಲೀಟರಿಗೆ ಇಪ್ಪತ್ತು ಮಿಲಿ ಎಣ್ಣೆಯನ್ನು ಹನಿ ಹೆಚ್ಚಿಲ್ಲದೆ ಕಮ್ಮಿಯಿಲ್ಲದೆ ಪೆಟ್ರೋಲ್ ಡಬ್ಬಿಗೆ ಸುರಿದರು. ನಿವೃತ್ತಿಯ ನಂತರ ಇಷ್ಟು ಸಂತೋಷವಾದ ದಿನ ಇನ್ನೊಂದಿರಲಿಲ್ಲ. ಡಬ್ಬಿಯ ಮೇಲೆ ಮುತ್ತು ಪೋಣಿಸಿದಂಥ ಅಕ್ಷರದಲ್ಲಿ ಚೀಟಿ ಬರೆದು ಅಂಟಿಸಿದರು: 'ಚೆನ್ನಾಗಿ ಅಲುಗಾಡಿಸಿ ಬಳಸಿ. ಸೇವಿಸತಕ್ಕದ್ದಲ್ಲ. ತಯಾರಿಸಿದ ದಿನದಿಂದ ಮೂವತ್ತು ದಿನ ಮಾತ್ರ.' ಕೆಳಗೆ 'ಐವತ್ತಕ್ಕೆ ಒಂದು ಪಾಲು ಎಣ್ಣೆ' ಎಂಬ ಪ್ರಮಾಣ, ತಾರೀಕು.

ತಿಂಗಳು ತುಂಬುವ ಮೊದಲು ಹೆಂಡತಿಯ ಫೋನು ಬಂತು.

"ರೀ, ಈ ಭಾನುವಾರ ಹೊರಡೋಣ ಅಂತಿದೀನಿ. ಏನಂತೀರಿ?"

ಕಂಪೌಂಡರ ಎದೆ ಡಬ್ಬಿಗಿಂತ ಜೋರಾಗಿ ಅಲುಗಾಡಿತು. ಬಾ, ಇವತ್ತೇ ಹೊರಡು, ಗಡಿಯಾರದ ಹತ್ತಿರ ನಾನು ಎಷ್ಟು ಅಂತ ಮಾತಾಡಲಿ ಎಂದು ಹೇಳಬೇಕೆನಿಸಿತು. ಬಾಯಿಂದ ಬಂದದ್ದು ಬೇರೆ.

"ನನಗೇನಂತೆ, ನಿನ್ನಿಷ್ಟ. ಇಲ್ಲೇನೂ ತೊಂದರೆಯಿಲ್ಲ. ಮಗು ನೋಡ್ಕೋಬೇಕಲ್ಲ."

"ಓಹೋ. ತೊಂದರೆಯಿಲ್ವಾ? ಸರಿ ಬಿಡಿ, ಇನ್ನೊಂದು ಹದಿನೈದು ದಿನ ಇದ್ದು ಬರ್ತೀನಿ."

ಹೀಗೆ ನಾಲ್ಕು ಸಲ ಆಯಿತು. ಆಕೆ ಕೇಳುವುದು, ಇವರು 'ನಿನ್ನಿಷ್ಟ' ಎನ್ನುವುದು, ಹದಿನೈದು ದಿನ ಮುಂದಕ್ಕೆ ಹೋಗುವುದು. ಫೋನಿಟ್ಟ ಮೇಲೆ ಕಂಪೌಂಡರು ಕನ್ನಡಿಯ ಹತ್ತಿರದ ಆಕೆಯ ಬಾಚಣಿಗೆಯನ್ನು ಎತ್ತಿ, ಒರೆಸಿ, ಮತ್ತೆ ಅಲ್ಲೇ ಇಡುವರು. ಹಿತ್ತಲಿಗೆ ಹೋಗಿ ಚೀಟಿಯ ಆದೇಶದಂತೆ ಡಬ್ಬಿಯನ್ನು ಅಲುಗಾಡಿಸುವರು. ಚೀಟಿಯ ಮೊದಲ ಸಾಲನ್ನು ದಿನಾ ಪಾಲಿಸಿದ ಈ ಪುಣ್ಯಾತ್ಮರು ಮೂರನೆಯ ಸಾಲಿನವರೆಗೆ ಕಣ್ಣು ಹಾಯಿಸಲೇ ಇಲ್ಲ. ಅವರು ಆಕೆ ಹೋಗಿ ಎಷ್ಟು ದಿನವಾಯಿತೆಂದು ಎಣಿಸುತ್ತಿದ್ದರೇ ಹೊರತು, ಪೆಟ್ರೋಲಿನ ವಯಸ್ಸನ್ನಲ್ಲ.

ಕೊನೆಗೆ ಆಕೆ ಕೇಳದೆ ಹೇಳದೆ ಬಂದಿಳಿದಳು. ಚೀಲ ಇಳಿಸಿ, ನೀರು ಕುಡಿದು, ಹಿತ್ತಲಿಗೆ ಇಣುಕಿದಳು.

"ಮರ ಇನ್ನೂ ಹಾಗೇ ಇದೆಯಲ್ರೀ!"

"ಇರು, ಇರು. ಈ ಕುರ್ಚೀಲಿ ಕೂತ್ಕೋ. ಸುಮ್ನೆ ನೋಡ್ತಾ ಇರು."

ಸ್ಕೂಟರಿನ ಹೆಲ್ಮೆಟ್ಟು, ಕಣ್ಣಿಗೆ ಕನ್ನಡಕ, ಕೈಗೆ ಗವಸು, ಕಾಲಿಗೆ ಬೂಟು. ಕಂಪೌಂಡರು ಪೆಟ್ರೋಲ್ ತುಂಬಿಸಿ, ಗರಗಸವನ್ನು ನೆಲಕ್ಕಿಟ್ಟು, ಹಿಡಿಯ ಮೇಲೆ ಬೂಟುಗಾಲಿಟ್ಟು ಹಗ್ಗ ಎಳೆದರು. ಗರಗಸ 'ಪುಸ್' ಎಂದಿತು. ಮತ್ತೆ ಎಳೆದರು. ಮತ್ತೆ ಪುಸ್. ಇಪ್ಪತ್ತು ಸಲ ಎಳೆಯುವಷ್ಟರಲ್ಲಿ ಗರಗಸದ ಬದಲು ಕಂಪೌಂಡರೇ ಸದ್ದು ಮಾಡತೊಡಗಿದರು. ಹೆಂಡತಿ ಎದ್ದುಬಂದು ಡಬ್ಬಿ ಎತ್ತಿಕೊಂಡು ಚೀಟಿ ಓದಿದಳು.

"ರೀ, ಇದರ ವಾಯಿದೆ ಮುಗಿದು ಎರಡು ತಿಂಗಳಾಯ್ತು."

"ಆಂ?"

"ನೆಗಡಿ ಮಾತ್ರೆ ಒಂದು ದಿನ ಹಳೇದಾದ್ರೆ ಮನೆ ಎರಡಾಗೋ ಹಾಗೆ ಕೂಗಾಡ್ತಿದ್ರಿ. ಇದನ್ನ ಯಾಕೆ ಹೀಗೆ ಇಟ್ರಿ?"

"ನೀನು ಬರಲಿ, ನಿನ್ನೆದುರಿಗೇ ಕಡಿಯೋಣ ಅಂತ ಕಾದೆ ಕಣೇ. ನೀನು ಬರಲೇ ಇಲ್ಲ."

"ನೀವು ಬಾ ಅನ್ನಲಿ ಅಂತ ನಾನು ಕಾದೆ. ಪ್ರತಿ ಸಲಾನೂ ನಿನ್ನಿಷ್ಟ, ನಿನ್ನಿಷ್ಟ. ನಾನಿಲ್ದೇ ಆರಾಮಾಗಿದಾರೆ ಅಂದ್ಕೊಂಡೆ. ಐವತ್ತಕ್ಕೆ ಒಂದು ಅಂತ ಎಣ್ಣೆ ಅಳೆದು ಹಾಕೋಕೆ ಬರುತ್ತೆ, ಐವತ್ತು ಮಾತಿಗೆ ಒಂದು 'ಬಾ' ಬೆರೆಸೋಕೆ ಬರೋಲ್ವಾ?"

ಕಂಪೌಂಡರು ಹೆಲ್ಮೆಟ್ಟಿನ ಗಾಜನ್ನು ಕೆಳಗಿಳಿಸಿಕೊಂಡರು. ಕಣ್ಣು ಒದ್ದೆಯಾಗಿದ್ದು ಆಕೆಗೆ ಕಾಣುವುದು ಬೇಡವಾಗಿತ್ತು.

ಮರುದಿನ ಬೆಳಗ್ಗೆ ಹಳೆಯ ಪೆಟ್ರೋಲನ್ನು ಅಂಗಡಿಯವರಿಗೆ ಒಪ್ಪಿಸಿ, ಹೊಸದಾಗಿ ಬೆರೆಸಿ ತುಂಬಿಸಿದರು. ಹೆಂಡತಿಯನ್ನು ಮತ್ತೆ ಕುರ್ಚಿಯಲ್ಲಿ ಕೂರಿಸಿದರು. ಎರಡನೆಯ ಎಳೆತಕ್ಕೇ ಗರಗಸ ಸಿಂಹದಂತೆ ಗರ್ಜಿಸಿತು! ಕಂಪೌಂಡರು ಮರದ ಒಂದು ಬದಿಗೆ ಕಚ್ಚು ಹಾಕಿದರು, ಇನ್ನೊಂದು ಬದಿಯಿಂದ ಕೊಯ್ದರು. ಹೊಟ್ಟು ಮುಖಕ್ಕೆ ರಾಚಿತು, ತೋಳು ನಡುಗಿತು. ಕಡೆಗೆ ಮರ ಲಟಲಟನೆ ಮುರಿದು, ಬಳ್ಳಿಯ ಸಮೇತ, ಅವರು ಅಂದುಕೊಂಡಲ್ಲೇ ದಢಾರನೆ ಬಿತ್ತು. ಗರಗಸ ಆರಿಸಿ, ಹೆಲ್ಮೆಟ್ಟು ತೆಗೆದು, ಎದೆಯುಬ್ಬಿಸಿ 'ಅಬ್ಬಾ' ಕೇಳಿಸಿಕೊಳ್ಳಲು ತಿರುಗಿದರು.

ಕುರ್ಚಿ ಖಾಲಿಯಾಗಿತ್ತು.

ಹೆಂಡತಿ ಮುಂದಿನ ಕೋಣೆಯಲ್ಲಿ ಮೊಮ್ಮಗಳಿಗೆ ಫೋನಿನಲ್ಲಿ ನಾಲಗೆ ಹೊರಚಾಚಿ ತೋರಿಸುತ್ತಿದ್ದಳು.

"ಬಿತ್ತು ಕಣೇ!"

"ಏನು, ಮಗು ಬಿತ್ತಾ?"

"ಮರ! ಅಷ್ಟು ಶಬ್ದ ಬಂತಲ್ಲ, ಕೇಳ್ಸಲಿಲ್ವಾ?"

"ಪಕ್ಕದ ಮನೆಯವ್ರು ಮಿಕ್ಸಿ ಹಾಕಿದಾರೆ ಅಂದ್ಕೊಂಡೆ. ಮೊಮ್ಮಗಳ ಫೋನ್ ಬಂತಲ್ಲ, ಒಳಗೆ ಬಂದೆ."

ಮೂರು ತಿಂಗಳು ಕಾಪಾಡಿಕೊಂಡ ಆಸೆಯನ್ನು ಮಿಕ್ಸಿ ಅರೆದುಹಾಕಿತ್ತು. ಕಂಪೌಂಡರು ಹಿತ್ತಲಿಗೆ ಹೋಗಿ ಪೇಪರ್ ಬಿಡಿಸಿ ಕಲ್ಲುಬೆಂಚಿನ ಮೇಲೆ ಕುಸಿದರು. ಒಂದಕ್ಷರವೂ ತಲೆಗೆ ಹತ್ತಲಿಲ್ಲ.

"ಅಬ್ಬಾ!"

ತಲೆಯೆತ್ತಿ ನೋಡಿದರೆ ಅಡುಗೆಮನೆಯ ಕಿಟಕಿಯಲ್ಲಿ ಹೆಂಡತಿ. ನಡುವೆ ಮರವಿಲ್ಲ, ಬಳ್ಳಿಯಿಲ್ಲ. ಆಕೆಯ ಮುಖ ಪೂರ್ತಿ ಕಾಣುತ್ತಿತ್ತು.

"ಬೆಳಕು ಬಂತಾ?" ಎಂದರು ಕಂಪೌಂಡರು, ಹಿಗ್ಗು ತಡೆಯಲಾರದೆ.

"ಬೆಳಕು ಯಾರಿಗೆ ಬೇಕಿತ್ರೀ? ದೀಪ ಇಲ್ವಾ? ಅಡುಗೆ ಮಾಡ್ತಾ ಮಾಡ್ತಾ ನಿಮ್ಮ ಮುಖ ಕಾಣ್ಲಿ ಅಂತ ಆರು ವರ್ಷದಿಂದ ಬಡ್ಕೊಳ್ತಿದೀನಿ."

ಕಂಪೌಂಡರಿಗೆ ಎದೆ ತುಂಬಿ ಬಂತು. ಏನಾದರೂ ಮಧುರವಾಗಿ ಹೇಳೋಣವೆಂದು ಪೇಪರ್ ಮಡಿಸಿದರು. ಅಷ್ಟರಲ್ಲಿ ಕಿಟಕಿಯಿಂದ ಒಂದು ಬುಟ್ಟಿ ಹೊರಬಂತು.

"ಈಗ ಕಾಣ್ತಿದೀರಲ್ಲ, ಎರಡು ಗಂಟೆ ಅಲ್ಲಿ ಏನು ಮಾಡ್ತಿದ್ರಿ ಅಂತಲೂ ಗೊತ್ತಾಯ್ತು. ಬನ್ನಿ, ಈ ಈರುಳ್ಳಿ ಸುಲಿದುಕೊಡಿ."