ಗೆರೆ ಬಿಟ್ಟು ಹಾರಿದ ಚುಕ್ಕಿಗಳು

"ಎಲ್ಲರೂ ಗೋಡೆ ಕಡೆ ನೋಡ್ರಿ! ಕಣ್ಣು ಮಿಟುಕಿಸಬೇಡ್ರಿ!" ಎಂದು ತಿಪ್ಪೇರುದ್ರಪ್ಪ ಸಮುದಾಯ ಭವನ ಅದುರುವಂತೆ ಕೂಗಿದರು.

ಮುಂದಿನ ಸಾಲಿನಲ್ಲಿ ಕೂತಿದ್ದ ಹೆಂಡತಿ ಸರ್ವಮಂಗಳಮ್ಮ ಕಣ್ಣೇ ಮುಚ್ಚಿಕೊಂಡರು. ಸಂಖ್ಯಾಶಾಸ್ತ್ರದ ಮೇಷ್ಟ್ರಾಗಿದ್ದ ಗಂಡ ನಿವೃತ್ತರಾದ ಮೇಲೆ ಮಾಡಿದ ಯಾವ ಯಂತ್ರವೂ ಮನೆಗೆ ಒಳ್ಳೆಯದು ಮಾಡಿರಲಿಲ್ಲ. ಸೊಳ್ಳೆ ಎಣಿಸುವ ಯಂತ್ರವಂತೂ ಎಣಿಕೆಗೆಂದು ಊರಿನ ಸೊಳ್ಳೆಗಳನ್ನೆಲ್ಲ ಮನೆಗೇ ಕರೆಸಿಕೊಂಡಿತ್ತು!

ಇವತ್ತಿನ ಮಾತು ಬೇರೆ. ಕಲ್ಲಪ್ಪನ ಬಡಾವಣೆಯ ನಲ್ಲಿಗಳಲ್ಲಿ ನೀರು ನೂಲಿನೆಳೆಯಂತೆ ಬರುತ್ತಿತ್ತು. ಹೊಸ ಪೈಪು ಕೇಳಿ ಕೇಳಿ ಜನ ಸೋತಿದ್ದರು. ಅದನ್ನು ಮಂಜೂರು ಮಾಡಬೇಕಾದ ಎಂಜಿನಿಯರ್ ಪಾಲಾಕ್ಷಪ್ಪ ಇವತ್ತು ಖುದ್ದಾಗಿ ಬಂದು ಕೂತಿದ್ದರು.

ವೇದಿಕೆಯ ಮೇಲಿದ್ದ ಮೇಷ್ಟ್ರ ಹೊಸ ಯಂತ್ರ ಗೋಡೆಯ ಮೇಲೆ ಇಳಿಜಾರಾದ ಬೆಳಕಿನ ಗೆರೆಯೊಂದನ್ನು ಎಳೆಯಿತು.

"ಪ್ರತಿ ಮನೆ ನೀರಿನ ಮೀಟರಿಗೂ ನನ್ನ ಅಳತೆ ಡಬ್ಬಿ ಕಟ್ಟೀನಿ ಸಾರ್. ಮನೇಲಿ ಎಷ್ಟು ಜನ, ಸಂಪು ಎಷ್ಟು ದೊಡ್ಡದು, ಎಲ್ಲ ಲೆಕ್ಕದಲ್ಲಿ ಪಕ್ಕಕ್ಕಿಟ್ಟೆ. ಉಳಿದಿದ್ದು ದೂರ ಒಂದೇ. ಟ್ಯಾಂಕಿಗೆ ದೂರ ಆದಷ್ಟೂ ನೀರು ಕಮ್ಮಿ! ತಪ್ಪೆಲ್ಲ ಪೈಪಿಂದು!"

"ಸ್ಪಷ್ಟವಾಗೈತೆ ಮೇಷ್ಟ್ರೇ, ಹೊಸ ಪೈಪು ಹಾಕ್ಸೋಣ" ಎಂದು ಪಾಲಾಕ್ಷಪ್ಪ ಸಹಿಗೆ ಪೆನ್ನು ತೆಗೆದರು. ಜನ ಚಪ್ಪಾಳೆ ಹೊಡೆದರು. ಅಲ್ಲಿಗೇ ಮುಗಿದಿದ್ದರೆ!

"ತಡೀರಿ ಸಾರ್! ಬರೀ ಗೆರೆ ನಂಬಬಾರದು. ಗೆರೆ ನಾನು ಕಟ್ಟಿದ ಲೆಕ್ಕ. ನಿಜವಾದ ಅಳತೆಗಳನ್ನ ಅದರ ಮೇಲೆ ಚುಕ್ಕಿ ಮಾಡಿ ಕೂರಿಸ್ಬೇಕು. ಮನೆಗೊಂದು ಚುಕ್ಕಿ!"

"ಬ್ಯಾಡ್ರೀ!" ಸರ್ವಮಂಗಳಮ್ಮ ಎದ್ದೇ ನಿಂತರು. "ಅವರು ಒಪ್ಪಿದ್ರಲ್ಲ, ಇಳೀರಿ ಕೆಳಗೆ!"

"ಒಪ್ಪಿದ್ದು ಗೆರೆಗೆ ಕಣೇ. ಅಳತೆಗೆ ಇನ್ನೂ ಒಪ್ಪಿಲ್ಲ!"

ಸರ್ವಮಂಗಳಮ್ಮನಿಗೆ ತಮ್ಮ ಮನೆಯ ಚುಕ್ಕಿಯದೇ ಭಯ. ಮಗಳು ಬಾಣಂತನಕ್ಕೆ ಬಂದಾಗ ಕೂಸಿನ ಬಟ್ಟೆ ಒಗೆಯಲೂ ನೀರಿಲ್ಲದೆ, ಬಚ್ಚಲ ಹಿಂದೆ ನಲ್ಲಿ ಪೈಪಿಗೆ ಅವರು ಕದ್ದು ಮೋಟರು ಹಾಕಿಸಿದ್ದರು. ಗಂಡನಿಗೆ ಗೊತ್ತಿರಲಿಲ್ಲ.

ಒಗ್ಗರಣೆಯ ಸಾಸಿವೆಯಂತೆ ಚುಕ್ಕಿಗಳು ಸಿಡಿದವು. ಕೆಲವು ಗೆರೆಯ ಪಕ್ಕ ಸಾಧುವಾಗಿ ಕೂತವು. ಉಳಿದವು ಗೋಡೆ ದಾಟಿ ಸೂರಿಗೇ ಹತ್ತಿದವು!

ಪಾಲಾಕ್ಷಪ್ಪನವರ ಪೆನ್ನು ನಿಂತಿತು. "ದೂರದ ಮನೆಗಳಿಗೆ ಇಷ್ಟು ನೀರು ಹೆಂಗ್ರೀ?"

"ನಂಗೂ ಸೋಜಿಗ! ಚುಕ್ಕಿಗಳನ್ನೇ ಕೇಳೋಣ" ಎಂದು ತಿಪ್ಪೇರುದ್ರಪ್ಪ ಹಸಿರು ಗುಂಡಿ ಒತ್ತಿದರು.

ಸೂರಿಗೆ ಹತ್ತಿದ್ದ ಚುಕ್ಕಿಗಳು ಕಿತ್ತುಕೊಂಡು ಹಾರಿ, ತಂತಮ್ಮ ಮನೆಯವರ ತಲೆ ಮೇಲೆ ಕೂತು ಘರ್ರೆಂದವು. ಗೆರೆಯಿಂದ ದೂರವಿದ್ದಷ್ಟೂ ಜೋರು ಸದ್ದು! ಬಡಾವಣೆಯ ಸಂಘದ ಅಧ್ಯಕ್ಷ ಬೊಮ್ಮಣ್ಣ ತನ್ನ ಬೋಳುತಲೆಯ ಚುಕ್ಕಿಗೆ ಚಪ್ಪಲಿ ಬೀಸಿದ. ಚಪ್ಪಲಿ ಬೆಳಕನ್ನು ತೂರಿ ತಲೆಗೇ ಬಿತ್ತು.

"ನಂದಲ್ಲ ಇದು, ಪಕ್ಕದ್ಮನೆ ಗಂಗಾಂಬಿಕಮ್ಮಂದು!"

"ಏನಂದ್ರಿ? ನನ್ನ ಮೋಟರು ನಿಮ್ಮದರ ಅರ್ಧಾನೂ ಇಲ್ಲ!" ಎಂದು ಕೂಗಿದ ಗಂಗಾಂಬಿಕಮ್ಮ ತಾನೇ ಬಾಯಿ ಮುಚ್ಚಿಕೊಂಡರು.

ಎಲ್ಲಕ್ಕಿಂತ ದಪ್ಪನೆಯ ಚುಕ್ಕಿ ಭವನವನ್ನೆಲ್ಲ ಸುತ್ತಿ ಸರ್ವಮಂಗಳಮ್ಮನ ತುರುಬಿನ ಮೇಲೆ ಬಂದು ಕೂತಿತು.

"ಇದು... ನಮ್ಮನೆದು" ತಿಪ್ಪೇರುದ್ರಪ್ಪನ ದನಿ ಇಳಿಯಿತು. "ಮೀಟರು ಕೆಟ್ಟಿರಬೇಕು."

"ಮೀಟರು ಕೆಟ್ಟಿಲ್ಲ. ನಾನೇ ಮೋಟರು ಹಾಕ್ಸೀನಿ. ಕೂಸಿನ ಬಟ್ಟೆ ರಾಶಿ ಬಿದ್ದಿತ್ತು, ನೀವು ಗೆರೆ ಎಳೀತಾ ಕೂತಿದ್ರಿ."

"ನಂಗೊಂದು ಮಾತು ಹೇಳಬಾರದಿತ್ತಾ?"

"ಹೇಳಿದ್ರೆ ಗ್ರಾಫ್ ಹಾಕ್ತಿದ್ರಿ!"

ತಿಪ್ಪೇರುದ್ರಪ್ಪ ಹೆಂಡತಿಯ ಒದ್ದೆಗಣ್ಣು ನೋಡಿದರು. "ತಡಿ, ನಿನ್ನ ಚುಕ್ಕಿ ಒಂದನ್ನ ಗೆರೆಗೆ ಎಳೆದುಬಿಡ್ತೀನಿ" ಎಂದು ಪಿಸುಗುಟ್ಟಿದರು. ಜನ್ಮದಲ್ಲೇ ಅಳತೆ ತಿದ್ದದ ಕೈ ಕೆಂಪು ಗುಂಡಿ ತಿರುಗಿಸಿತು.

ಯಂತ್ರ ಗುರುಗುಟ್ಟಿತು. ನಿಜವಾದ ಚುಕ್ಕಿ ಸರಿಯಬೇಕಾದರೆ ನೀರೇ ಸರಿಯಬೇಕಲ್ಲ! ಒಂದು ಚುಕ್ಕಿ, ಹಲವು ಚುಕ್ಕಿ ಎಂಬ ಭೇದವೂ ಯಂತ್ರಕ್ಕಿರಲಿಲ್ಲ; ಮೀಟರಿಗೆ ಕಟ್ಟಿದ್ದ ಡಬ್ಬಿಗಳೆಲ್ಲ ಒಮ್ಮೆಲೇ ಪೈಪುಗಳನ್ನು ಅಮುಕಿ ಹಿಡಿದವು. ಬಡಾವಣೆಯ ಮೋಟರುಗಳೆಲ್ಲ ಹೊಗೆಯುಗುಳಿ ಸತ್ತವು. ಗೋಡೆಯ ಗೆರೆ ಜಾರಿ ನೆಲಮಟ್ಟಕ್ಕೆ, ಸೊನ್ನೆಗೇ, ಬಂತು. ಚುಕ್ಕಿಗಳೆಲ್ಲ ಅದರ ಮೇಲೆ ಮಣಿಗಳಂತೆ ಸಾಲಾಗಿ ಕೂತವು. ಹೊರಗಿನಿಂದ ಯಾರೋ ಅರಚಿದರು: "ನೀರು ಪೂರ್ತಿ ನಿಂತೋಯ್ತು!"

ಪಾಲಾಕ್ಷಪ್ಪ ಪೆನ್ನಿಗೆ ಟೋಪಿ ಹಾಕಿ ಎದ್ದರು. "ಕದಿಯೋರಿಗೆ ಹೊಸ ಪೈಪು ಯಾಕ್ರೀ?" ಎಂದವರು ತಿರುಗಿ ನೋಡಲಿಲ್ಲ.

ಡಬ್ಬಿಗಳು ಸುತ್ತಿಗೆಗೂ ಜಗ್ಗಲಿಲ್ಲ, ಯಂತ್ರ ಆರಿಸಿದರೂ ಆರಲಿಲ್ಲ. ಮರುದಿನ ಟ್ಯಾಂಕರ್ ನೀರಿಗೆ ನಿಂತವರ ಸಾಲು ಸಮುದಾಯ ಭವನದ ಬಾಗಿಲವರೆಗೆ ಬೆಳೆದಿತ್ತು. ಬೈಗುಳ ಕೇಳಿ ಕೇಳಿ ಸರ್ವಮಂಗಳಮ್ಮನ ಕಣ್ಣೀರೂ ಬತ್ತಿತ್ತು. ಇನ್ನು ಈ ಬಡಾವಣೆಗೆ ಪೈಪು ಬರುವುದಿಲ್ಲ, ಕೂಸು ದೊಡ್ಡದಾಗುವವರೆಗೂ ತನ್ನ ಸೊಂಟದಿಂದ ಕೊಡ ಇಳಿಯುವುದಿಲ್ಲ ಎಂದು ಅವರಿಗೆ ಖಾತ್ರಿಯಾಗಿತ್ತು.

ಸಾಲಿನಲ್ಲಿ ಅವರ ಹಿಂದೆಯೇ ಕೊಡ ಹಿಡಿದು ನಿಂತಿದ್ದ ತಿಪ್ಪೇರುದ್ರಪ್ಪ ಬಾಗಿಲಿನಿಂದ ಗೋಡೆಯತ್ತ ಇಣುಕಿದರು.

"ಒಂದು ಚುಕ್ಕಿನೂ ಗೆರೆ ಬಿಟ್ಟಿಲ್ಲ ಕಣೇ. ನನ್ನ ಸರ್ವೀಸಲ್ಲೇ ಇಷ್ಟು ಕರಾರುವಾಕ್ಕಾದ ಲೆಕ್ಕ ನೋಡಿರಲಿಲ್ಲ."

"ಕೊಡ ಮುಂದಕ್ಕೆ ಸರಿಸ್ರಿ" ಎಂದರು ಸರ್ವಮಂಗಳಮ್ಮ.