ಆಗದ ಅಪಘಾತಗಳ ಮೇಸ್ತ್ರಿ

ಇಡೀ ರಾಯಚೂರು ಜಿಲ್ಲೆಯಲ್ಲಿ ನಮ್ಮ ಸೋದರಮಾವನಷ್ಟು ಅಪಘಾತಗಳ ವರದಿ ಬರೆದವರು ಇನ್ನೊಬ್ಬರಿಲ್ಲ. ವಿಶೇಷವೆಂದರೆ, ಅವುಗಳಲ್ಲಿ ಒಂದೂ ಆಗಿರಲಿಲ್ಲ!

ಎಂಬತ್ತರ ದಶಕದ ಕೊನೆ. ಸಿಂಧನೂರು–ಮಸ್ಕಿ ರಸ್ತೆ ಅಗಲ ಮಾಡುವ ಕೆಲಸದಲ್ಲಿ ಮಾವ ಮೇಸ್ತ್ರಿ. ನಾನು ಮಸ್ಕಿಯ ಶಾಲೆಯಲ್ಲಿ ಟೀಚರು. ಮಾವನ ಅಕ್ಷರ ಮಾವನಿಗೇ ತಿಳಿಯುತ್ತಿರಲಿಲ್ಲವಾದ್ದರಿಂದ ಅವನ ವರದಿಗಳನ್ನು ದುಂಡಗೆ ಬರೆದುಕೊಡುವ ಭಾಗ್ಯ ನನ್ನದು. ‘ಮಂಗಳವಾರ ಜಲ್ಲಿ ಲಾರಿ ಹಿಂದಕ್ಕೆ ಬಂತು. ಹಿಂದೆ ಹನುಮಂತ ಕೂತು ಬೀಡಿ ಸೇದುತ್ತಿದ್ದ. ಲಾರಿ ಒಂದು ಮೊಳ ದೂರದಲ್ಲಿ ನಿಂತಿತು. ಹನುಮಂತನಿಗೆ ಈ ವಿಷಯ ಇನ್ನೂ ಗೊತ್ತಿಲ್ಲ.’ ಇಂಥ ಸಾಹಿತ್ಯ!

ಒಮ್ಮೆ ಲಿಂಗಸುಗೂರಿನಿಂದ ಬಂದ ಎಂಜಿನಿಯರ್ ಸಾಹೇಬರು ಕಾಗದ ಝಾಡಿಸಿದರು. “ಏನ್ರೀ ಮೇಸ್ತ್ರಿ, ಯಾರೂ ಸತ್ತಿಲ್ಲ, ಯಾರಿಗೂ ಗಾಯ ಆಗಿಲ್ಲ. ಇದೆಂಥಾ ರಿಪೋರ್ಟು?”

“ಸತ್ತ ಮ್ಯಾಲ ಬರಿಯಾಕ ಪೊಲೀಸ್ರು ಅದಾರಲ್ರೀ ಸಾಹೇಬ್ರ!”

ಮೊದಮೊದಲು ಕೂಲಿಯವರು ಬಾಯಿಯೇ ಬಿಡುತ್ತಿರಲಿಲ್ಲ. ದೂರು ಹೇಳಿದವರಿಗೆ ಮರುದಿನ ಕೆಲಸ ಸಿಕ್ಕೀತೆ? ಅದಕ್ಕೆ ಮಾವ ಒಂದು ಕಾನೂನು ಮಾಡಿದ: ಅಪಾಯ ಕಂಡು ಹೇಳಿದವರಿಗೆ ಬೈಗುಳವಿಲ್ಲ, ಮೊದಲ ಚಹಾ ಅವರಿಗೇ! ಆಮೇಲೆ ಕೇಳಬೇಕೆ? ಹನುಮಂತ ಓಡಿಬಂದು, “ರೋಲರ್ ನನ್ನ ಕಡೆ ಕೆಟ್ಟ ಕಣ್ಣಲೆ ನೋಡಾಕತ್ತೈತ್ರೀ” ಎಂದ. ಮಾವ ಅದನ್ನೂ ಬರೆದುಕೊಂಡು ಹೋಗಿ ನೋಡಿದರೆ, ರೋಲರಿನ ಬ್ರೇಕು ನಿಜವಾಗಿಯೂ ಸಡಿಲ!

ತುರ್ವಿಹಾಳದ ನಿಂಗಮ್ಮ ಮಾತ್ರ ತುಟಿ ಬಿಚ್ಚಿದವಳಲ್ಲ. ಗಂಡನಿಲ್ಲದ ಹೆಣ್ಣುಮಗಳು, ಇದ್ದ ಕೆಲಸ ಕಳೆದುಕೊಳ್ಳುವ ಭಯ. ಒಂದು ರಜೆಯ ದಿನ ನಾನು ವರದಿ ಕೊಡಲು ಹೋಗಿದ್ದಾಗ ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡು ಬಂದಳು.

“ಅಣ್ಣಾರ, ಬೈಬ್ಯಾಡ್ರಿ. ಡಾಂಬರ್ ಕಾಸೋ ಡ್ರಮ್ಮಿನ ಬುಡಕಿನ ಕಲ್ಲು ಅಳ್ಳಾಡಾಕತ್ತೈತಿ.”

“ಎಲ್ಲಾರೂ ದೂರ ಸರೀರಿ!” ಮಾವ ಕೂಗಿದ್ದು ಮಸ್ಕಿಗೆ ಕೇಳಿಸಿರಬೇಕು.

ಗುತ್ತಿಗೆದಾರ ಸಿಡಿದ: “ಕೆಲಸ ನಿಂದ್ರಸಾಕ ಇಕಿ ಯಾರಲೇ?”

“ಇವತ್ತಿನ ಮಟ್ಟಿಗೆ ಇಕೀನ ಎಂಜಿನಿಯರು!”

ಜಗಳ ಇನ್ನೂ ನಡೆದಿತ್ತು. ಕಲ್ಲು ಜಾರಿತು, ಡ್ರಮ್ಮು ವಾಲಿತು. ಕುದಿಯುವ ಡಾಂಬರು ಬುಸುಗುಡುತ್ತ, ಹೆಂಗಸರು ತುಸು ಹೊತ್ತಿನ ಹಿಂದಷ್ಟೇ ಕೂತು ಜಲ್ಲಿ ತುಂಬುತ್ತಿದ್ದ ಜಾಗದ ತುಂಬ ಹರಡಿತು. ಅಲ್ಲಿ ಒಂದು ಬುಟ್ಟಿ ಬಿಟ್ಟರೆ ಏನೂ ಇರಲಿಲ್ಲ.

ಇನ್ನು ಮಾವನ ಜಂಬ ಕೇಳಬೇಕಲ್ಲಪ್ಪ ಎಂದುಕೊಂಡೆ. ಆದರೆ ಅವನು ಹಾಜರಿ ಪುಸ್ತಕ ತೆಗೆದು ಒಬ್ಬೊಬ್ಬರ ಹೆಸರು ಕರೆಯತೊಡಗಿದ. ಎಲ್ಲರೂ ಎದುರಿಗೇ ನಿಂತಿದ್ದಾರೆ! ಆದರೂ ಕರೆದ. ಒಬ್ಬೊಬ್ಬರೂ “ಅದೀನ್ರೀ” ಎಂದ ಮೇಲೆಯೇ ಮುಂದಿನ ಹೆಸರು.

“ನಿಂಗಮ್ಮ?”

“ಅದೀನ್ರೀ ಅಣ್ಣಾರ.”

ಮಾವ ಪುಸ್ತಕ ಮುಚ್ಚಿದ. ಕಣ್ಣು ತುಂಬಿತ್ತು.

“ಇನ್ನೊಮ್ಮಿ ಅನ್ನು ಯವ್ವಾ” ಎಂದ.