ಮೇಷ್ಟ್ರ ಆರಡಿ ಗಾಡಿ

ಕೌದಿ ಸಂಘದ ವಾರ್ಷಿಕ ಪ್ರದರ್ಶನ ಬಂತೆಂದರೆ ನಿವೃತ್ತ ಗಣಿತದ ಮೇಷ್ಟ್ರ ಸೊಂಟಕ್ಕೆ ಗ್ರಹಚಾರ ಕಾದಿದೆಯೆಂದೇ ಅರ್ಥ. ಅವರ ಹೆಂಡತಿ ಸಂಘದ ಕಾರ್ಯದರ್ಶಿ. ಕೌದಿ ನೇತುಹಾಕುವ ಕಬ್ಬಿಣದ ಸ್ಟ್ಯಾಂಡು, ಹಗ್ಗ, ಕೊಕ್ಕೆ, ಕ್ಲಿಪ್ಪು ಎಲ್ಲವೂ ವರ್ಷವಿಡೀ ಮೇಷ್ಟ್ರ ಹಿತ್ತಲ ಶೆಡ್ಡಿನಲ್ಲಿ ಮಲಗಿದ್ದು, ಪ್ರದರ್ಶನದ ದಿನ ಅವರ ಹೆಗಲೇರಿ ಎರಡು ಬೀದಿ ಆಚೆಯ ಸಭಾಂಗಣಕ್ಕೆ ಸವಾರಿ ಹೊರಡುತ್ತವೆ. (ಎಂಟು ಸಲ ಹೋಗಿ ಬರಬೇಕು. ಒಂಬತ್ತನೆಯ ಸಲ, ಮರೆತ ಕೊಕ್ಕೆಗಳಿಗಾಗಿ.)

ಈ ವರ್ಷ ಮೇಷ್ಟ್ರು ಘೋಷಿಸಿಯೇಬಿಟ್ಟರು. "ಇದನ್ನೆಲ್ಲ ಸಾಗಿಸೋಕೆ ನಾನೇ ಒಂದು ಮರದ ಗಾಡಿ ಮಾಡ್ತೀನಿ. ನಾಲ್ಕು ಚಕ್ರ. ಒಂದೇ ಸಲ ತಳ್ಳಿದ್ರೆ ಮುಗೀತು!"

ಹೆಂಡತಿ ಸೂಜಿಗೆ ದಾರ ಪೋಣಿಸುತ್ತ, "ಹೋದ ವರ್ಷ ಶುರು ಮಾಡಿದ ಚಪ್ಪಲಿ ಸ್ಟ್ಯಾಂಡು ಇನ್ನೂ ಒಂಟಿ ಕಾಲಲ್ಲಿ ನಿಂತಿದೆಯಲ್ಲ ರೀ," ಎಂದರು.

"ಅದು ಬೇರೆ, ಇದು ಬೇರೆ."

"ಏನಾದ್ರೂ ಮಾಡ್ಕೊಳ್ಳಿ. ಆದ್ರೆ ಈ ಸಲ ಬಾಗಿಲ ಎದುರಿಗೇ ನನ್ನ ದೊಡ್ಡ ಕೌದಿ. ಎರಡು ವರ್ಷ ಕೂತು ಹೊಲಿದಿದ್ದೀನಿ. ಅದಕ್ಕೆ ಅಂತಲೇ ಬಡಗಿ ಕೈಲಿ ಹೊಸದಾಗಿ ಎಂಟು ಕೋಲು ಜೋಡಿಸೋ ಚೌಕಟ್ಟು ಮಾಡಿಸಿ ಶೆಡ್ಡಲ್ಲಿ ಇಟ್ಟಿದ್ದೀನಿ. ಜೋಪಾನ!"

ಮೇಷ್ಟ್ರು ತಲೆಯಾಡಿಸಿದರು. ಮೂವತ್ತೆರಡು ವರ್ಷಗಳ ದಾಂಪತ್ಯದಲ್ಲಿ ಅವರು ಮಾಡಿದ ಒಂದೇ ಒಂದು ವಸ್ತುವನ್ನೂ ಆಕೆ 'ಚೆನ್ನಾಗಿದೆ' ಎಂದಿರಲಿಲ್ಲ. ಆ ನೋವು ಅವರನ್ನು ಒಳಗೊಳಗೇ ಕೊರೆಯುತ್ತಿತ್ತು. ಈ ಸಲ ಆಕೆಯ ಬಾಯಲ್ಲಿ ಅನ್ನಿಸಿಯೇ ತೀರಬೇಕು! ಮರದ ಡಿಪೋಗೆ ಹೋಗಿ, ಆರಡಿ ಉದ್ದದ ಎಂಟು ರೀಪು ಕೋಲು ಕಳಿಸಲು ಹೇಳಿ ಬಂದರು.

ಡಿಪೋದವನು ಬಂದಾಗ ಮೇಷ್ಟ್ರು ಸ್ನಾನಕ್ಕೆ ಹೋಗಿದ್ದರು. ಅವನು ಮಾಲನ್ನು ಶೆಡ್ಡಿನಲ್ಲಿಟ್ಟು ಹೊರಟುಹೋದ. ಮೇಷ್ಟ್ರು ಬಂದು ನೋಡಿದರೆ ಎರಡು ಕಟ್ಟು. ಒಂದರಲ್ಲಿ ನುಣ್ಣಗೆ ಹೆರೆದ ಎಂಟು ಕೋಲುಗಳು. ಇನ್ನೊಂದರಲ್ಲಿ ಗೋಣಿ ಸುತ್ತಿದ, ಮುಟ್ಟಿದರೆ ಸಿಬಿರು ಚುಚ್ಚುವ ಎಂಟು ಒರಟು ಕೋಲುಗಳು.

"ಹೆಂಗಸರ ಸಂಘ ಬಡಗಿಯನ್ನು ಹಿಡಿದರೆ ಇಷ್ಟೇ," ಎಂದು ಗೋಣಿಯ ಕಟ್ಟನ್ನು ಕನಿಕರದಿಂದ ಮೂಲೆಗಿಟ್ಟು, ನುಣುಪಾದ ಕಟ್ಟನ್ನು ಬಿಚ್ಚಿದರು.

ಒಂದು ವಿಷಯ ಮಾತ್ರ ಅರ್ಥವಾಗಲಿಲ್ಲ. ಪ್ರತಿ ಕೋಲಿನ ತುದಿಯಲ್ಲೂ ಒಂದು ತೂತು. ಪಕ್ಕದಲ್ಲಿ ಒಂದರಿಂದ ಎಂಟರವರೆಗೆ ಅಂಕಿ. ಡಿಪೋಗೆ ಫೋನು ಮಾಡಿದರು.

"ತೂತು ಯಾಕಪ್ಪಾ ಕೊರೆದೆ?"

"ನಾವು ತೂತು ಕೊರೆಯೋಲ್ಲ ಸಾರ್."

"ಮತ್ತೆ ಅಂಕಿ?"

"ನಾವು ಅಂಕೀನೂ ಬರೆಯೋಲ್ಲ ಸಾರ್."

ಮಾಡಿದ ಕೆಲಸವನ್ನೂ ಒಪ್ಪಿಕೊಳ್ಳದ ಎಂಥ ವಿನಯ! ಮೇಷ್ಟ್ರು ಗೊಂದಲದಲ್ಲೇ ಫೋನಿಟ್ಟರು. ಅಂಕಿಗಳನ್ನು ಉಪ್ಪುಕಾಗದದಿಂದ ಉಜ್ಜಿ ಅಳಿಸಿದರು. ನಾಲ್ಕು ದಿನ ಶೆಡ್ಡಿನ ಬಾಗಿಲು ತೆರೆಯಲಿಲ್ಲ. (ಕಾಫಿ ಕಿಟಕಿಯಿಂದ ಒಳಗೆ ಹೋಗುತ್ತಿತ್ತು.) ನಾಲ್ಕು ಕೋಲು ಕತ್ತರಿಸಿ ತಳ, ನಾಲ್ಕು ಕೋಲು ಇಡಿಯಾಗಿ ಮೂಲೆಗಂಬ. ಮೊಳೆಯ ಮೇಲೆ ನಂಬಿಕೆ ಸಾಲದೆ ಸಂದುಗಳಿಗೆಲ್ಲ ಅಂಟನ್ನೂ ಸುರಿದರು. ಆರಡಿ ಎತ್ತರದ ಗಾಡಿ ಎದ್ದು ನಿಂತಿತು.

ಪ್ರದರ್ಶನದ ಬೆಳಿಗ್ಗೆ ಮೇಷ್ಟ್ರು ಎಲ್ಲ ಸಾಮಾನನ್ನೂ ಒಂದೇ ಸಲಕ್ಕೆ ತಳ್ಳಿಕೊಂಡು ಸಭಾಂಗಣಕ್ಕೆ ಬಂದರು. ಒಂದು ಕೊಕ್ಕೆಯನ್ನೂ ಮರೆತಿರಲಿಲ್ಲ. ಎದೆಯುಬ್ಬಿಸಿ ನಿಂತರು.

ಹೆಂಡತಿ ಗೋಣಿ ಬಿಚ್ಚಿದರು. "ಇದೇನ್ರೀ ಸೌದೆ?"

"ನಿನ್ನ ಚೌಕಟ್ಟು ಕಣೇ."

"ನನ್ನ ಕೋಲಿಗೆ ತೂತಿತ್ತು. ಅಂಕಿ ಇತ್ತು."

ಮೇಷ್ಟ್ರು ಒರಟು ಕೋಲು ನೋಡಿದರು. ಗಾಡಿ ನೋಡಿದರು. ಗಾಡಿಯ ನಾಲ್ಕು ಕಂಬಗಳ ತುದಿಯಲ್ಲಿ ನಾಲ್ಕು ತೂತುಗಳು ಅವರನ್ನೇ ನೋಡುತ್ತಿದ್ದವು. ಡಿಪೋದವನ ವಿನಯ ಆಗ ಅರ್ಥವಾಯಿತು.

"ಬಿಚ್ಚಿ ಕೊಡಿ."

"ಅಂಟು... ಹಾಕಿದ್ದೀನಿ."

ಆಕೆಯ ಕಣ್ಣಲ್ಲಿ ನೀರಾಡಿತು. ಮುಖ್ಯ ಅತಿಥಿ ಬರಲು ಇನ್ನು ಹದಿನೈದೇ ನಿಮಿಷ. ಮೇಷ್ಟ್ರಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆಕೆ ಮಾತ್ರ ಮೂಗೊರೆಸಿಕೊಂಡು ಗಾಡಿಯನ್ನು ಮೇಲಿಂದ ಕೆಳಗೆ ಅಳೆದರು. "ಖಾಲಿ ಮಾಡಿ. ಬಾಗಿಲ ಎದುರಿಗೆ ತಳ್ಳಿ."

ದೊಡ್ಡ ಕೌದಿ ಗಾಡಿಯ ನೆತ್ತಿಯಿಂದ ಇಳಿದು ನಾಲ್ಕೂ ಕಡೆ ನೆಲ ಮುಟ್ಟಿತು. ಅದ್ಭುತವಾಗಿತ್ತು. ಒಂದೇ ತೊಂದರೆ: ನೆಲ ಬಾಗಿಲ ಕಡೆಗೆ ಇಳಿಜಾರು. ಗಾಡಿಗೆ ಬ್ರೇಕಿಲ್ಲ. ಎರಡು ವರ್ಷದ ಹೊಲಿಗೆ ಮೆಲ್ಲಗೆ ಬೀದಿಗೆ ಹೊರಟಿತು.

"ಒಳಗೆ ಹೋಗಿ ಚಕ್ರ ಹಿಡ್ಕೊಳ್ಳಿ!"

ಹೀಗೆ ಮೇಷ್ಟ್ರು ಸಂಜೆಯವರೆಗೂ ಕೌದಿಯೊಳಗೆ ಕುಕ್ಕರಗಾಲಲ್ಲಿ ಕೂತರು. ಹೊರಗೆ ಮುಖ್ಯ ಅತಿಥಿ ಹೊಗಳುವುದು ಕೇಳಿಸಿತು, ಚಪ್ಪಾಳೆ ಕೇಳಿಸಿತು, ಮೊದಲ ಬಹುಮಾನವೂ ಕೇಳಿಸಿತು. ಕಡೆಗೆ ಕೌದಿಯ ಅಂಚು ಎದ್ದು, ಒಂದು ಲೋಟ ಕಾಫಿಯೂ ಹಿಂದೆಯೇ ಹೆಂಡತಿಯ ಮುಖವೂ ಒಳಗೆ ಬಂದವು.

"ರೀ, ನಿಮ್ಮ ಗಾಡಿ ಚೆನ್ನಾಗಿದೆ."

ಮೂವತ್ತೆರಡು ವರ್ಷ! "ನಿಜವಾಗ್ಲೂ?"

"ಹೂಂ. ಒಂದು ಚೂರೂ ಕಾಣಿಸ್ತಿಲ್ಲ," ಎಂದು ಆಕೆ ಅಂಚನ್ನು ಇಳಿಬಿಟ್ಟರು.